ನೀನು ಬಿಚ್ಚಿಟ್ಟ ಜೋಲಿ

ಅಪ್ಪ,

ಇಂದು ವಾಲ್ಗೆಟ್ಟ್ ಊರಿನ ಕುರಿ ಶೆಡ್ಡಿನಲ್ಲಿ, ಸೊಂಟನೋವಿನ ಡಾರ್ಸಿ ತೊಲೆಗೆ ಸ್ಪ್ರಿಂಗು ಸಿಕ್ಕಿಸಿ, ಅದರಿಂದ ತೂಗುತ್ತ ಮೈಭಾರ ಹೊರುವ ಜೋಲಿಯನ್ನು ಎದೆಗೆ ಕಟ್ಟಿಕೊಂಡು ಕುರಿಯ ಉಣ್ಣೆ ಕತ್ತರಿಸಲು ಬಗ್ಗಿದ. ಮುದುಕ ಮರ್ವ್ ಬಿಡುತ್ತಾನೆಯೇ? “ಏನೋ ಡಾರ್ಸಿ, ತೊಟ್ಟಿಲು ಕಟ್ಕೊಂಡ್ಯಾ? ಲಾಲಿ ಹಾಡ್ಲಾ?” ಎಲ್ಲರೂ ನಕ್ಕರು. ಡಾರ್ಸಿಯ ಕೈ ಕೊಂಡಿ ಬಿಚ್ಚಲು ಹೋಯಿತು.

ನೀನು ಜೋಲಿ ಕಟ್ಟಿದ ದಿನ ನಿನಗೂ ಮರ್ವ್ ಹೀಗೇ ಹೇಳಿದ್ದ. ಅಂದು ಉಣ್ಣೆ ಹೆಕ್ಕುತ್ತಿದ್ದ ನಾನೂ ನಕ್ಕೆ. ನೀನು ನನ್ನ ಮುಖ ನೋಡಿ ಜೋಲಿ ಬಿಚ್ಚಿದೆ, ಮತ್ತೆಂದೂ ಕಟ್ಟಲಿಲ್ಲ. ದಿನಕ್ಕೆ ನೂರೈವತ್ತು ಕುರಿ, ಜೋಲಿಯಿಲ್ಲದೆ ಬಗ್ಗಿಯೇ ಕತ್ತರಿಸಿದೆ. ಬದುಕಿದ್ದ ಕೊನೆಯ ಎರಡು ವರ್ಷ ನಿನ್ನ ಬೂಟಿನ ದಾರ ನಾನೇ ಕಟ್ಟಿದೆ.

ಇಂದು ಪೊರಕೆ ಕೆಳಗಿಟ್ಟು ಡಾರ್ಸಿಯ ಬಳಿ ಹೋದೆ. “ಬಿಚ್ಬೇಡ ಮಾರಾಯ,” ಎಂದೆ. ಮರ್ವ್ ತಲೆ ತಗ್ಗಿಸಿ ತನ್ನ ಕುರಿ ಎಳೆದುಕೊಂಡ.

ಅದು ನಿನ್ನದೇ ಜೋಲಿ, ಅಪ್ಪ. ಡಾರ್ಸಿಗೆ ನಾನೇ ಕೊಟ್ಟದ್ದು. ಪಟ್ಟಿ ಇನ್ನೂ ಹೊಸದರಂತಿದೆ.