ಪಾರ್ಗೆಟರ್ ಬರೆದ ಎರಡು ಚೀಟಿ

ವುಲ್ವರ್‌ಹ್ಯಾಂಪ್ಟನ್, ಮಂಗಳವಾರ, 14 ಅಕ್ಟೋಬರ್ 2014

ಖುಷಿಗೆ ನಿದ್ದೆ ಬರದೆ ಬರೆಯಲು ಕೂತಿದ್ದೇನೆ.

ಲೆನ್ ಪಾರ್ಗೆಟರ್ ಇವತ್ತು ನನ್ನ ಅಪ್ಪನ 1938ರ ವೆಲೊಸೆಟ್ ಬೈಕನ್ನು ಬೆಲೆ ಕಟ್ಟಿಸಲು ನಮ್ಮ ಹಳೆಯ ಬೈಕುಗಳ ಕ್ಲಬ್ಬಿಗೆ ತಂದಿದ್ದ. ಅಲ್ಲಿ ಬೆಲೆ ಕಟ್ಟುವವಳು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ಗುರುತೂ ಸಿಗಲಿಲ್ಲ.

ಫ್ರೇಮಿನ ನಂಬರು, ಎಂಜಿನ್ನಿನ ನಂಬರು ಎರಡನ್ನೂ ಕಾರ್ಖಾನೆಯ ಹಳೆಯ ದಾಖಲೆಯಲ್ಲಿ ನೋಡಿದೆ. ಸರಿಯಾಗಿ ತಾಳೆಯಾದವು.

"ಹನ್ನೆರಡು ಸಾವಿರ ಪೌಂಡ್ ಬರುತ್ತಲ್ವೇನಮ್ಮ?" ಎಂದ.

"ಬರುತ್ತೆ. ಆದ್ರೆ ಇದೊಂದಿದೆ" ಎಂದು ಚೀಟಿ ಮುಂದಿಟ್ಟೆ. ಅಪ್ಪ ಸತ್ತ ತಿಂಗಳಲ್ಲೇ ಅಮ್ಮನಿಗೆ ಇವನು ಬರೆದುಕೊಟ್ಟದ್ದು: ಎಂಜಿನ್ ಬೇರೆ ಗಾಡಿಯದು, ಗುಜರಿ ಬೆಲೆ, ಎಂಬತ್ತು ಪೌಂಡ್. ಅಷ್ಟೇ ಕೊಟ್ಟು ಗಾಡಿಯನ್ನು ತಾನೇ ಒಯ್ದಿದ್ದ. ಇಪ್ಪತ್ತೆಂಟು ವರ್ಷ ಆ ಚೀಟಿಯನ್ನು ಪರ್ಸಿನಲ್ಲಿಟ್ಟು ಜೋಪಾನ ಮಾಡಿದ್ದೇನೆ.

ಅವನ ಮುಖ ಬಿಳಿಚಿಕೊಂಡಿತು. "ನೀನು ಡೋರೀನ್ ಮಗಳಾ?"

"ಹೌದು. ಇದು ನಿಜ ಆದ್ರೆ ಬೆಲೆ ಐದು ಸಾವಿರ. ಸುಳ್ಳಾಗಿದ್ರೆ ಸುಳ್ಳು ಅಂತ ನೀವೇ ಬರೆದು ಸಹಿ ಹಾಕಿ, ನಾನು ಹನ್ನೆರಡು ಬರೀತೀನಿ."

ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಕೆಳಗಿಟ್ಟರು.

"ಇಷ್ಟು ಜನ ಸ್ನೇಹಿತರ ಮುಂದೆ ಹೀಗೆ ಮಾಡ್ತೀಯಲ್ಲಮ್ಮ" ಎಂದ. ನಾನು ಪೆನ್ನಿನ ಮುಚ್ಚಳ ತೆಗೆದುಕೊಟ್ಟೆ.

ಬರೆದ. ಏಳು ಸಾವಿರದ ಆಸೆಗೆ ಬರೆದೇಬಿಟ್ಟ: "ಎಂಜಿನ್ ಇದೇ ಗಾಡಿಯದು. ಗೊತ್ತಿದ್ದೇ ಡೋರೀನ್‌ಗೆ ಸುಳ್ಳು ಹೇಳಿದೆ."

ನಾನೂ ಹನ್ನೆರಡು ಸಾವಿರ ಎಂದು ಬರೆದೆ. ಒಂದು ಪೌಂಡೂ ಕಡಿಮೆ ಮಾಡಲಿಲ್ಲ. ಆ ಗಾಡಿಗೆ ಅದೇ ನ್ಯಾಯದ ಬೆಲೆ.

ಯಾರೋ ಮೋಸ ಮಾಡಿ ತಲೆಗೆ ಕಟ್ಟಿದ ಗಾಡಿಯನ್ನು ಪೆದ್ದನ ಹಾಗೆ ತಂದಿದ್ದ ಎಂದು ಅಮ್ಮ ಇವತ್ತಿಗೂ ಅಪ್ಪನನ್ನು ಬೈಯುತ್ತಾಳೆ. ಬೆಳಿಗ್ಗೆ ಅವಳಿಗೆ ಈ ಹೊಸ ಚೀಟಿ ಓದಿ ಹೇಳಬೇಕು. ಎರಡು ಸಲ. ಮೂರನೆಯ ಸಲ ಅವಳೇ ಓದಲಿ, ಅಪ್ಪನ ಫೋಟೋದ ಮುಂದೆ ನಿಂತು, ಜೋರಾಗಿ.