ಗಣಿಮಾರಿಗೆ ಅತ್ತೆಯ ಮುಖ

ಬಂಗಾರಪೇಟೆ
೧೪-೩-೧೯೮೪

ನಮ್ಮ ಮನೆಯವರಿಗೆ ಕನಕಳ ಪ್ರೀತಿಯ ನಮಸ್ಕಾರ.

ಗುಂತಕಲ್ಲಿನ ನೀರು ಈಗಲಾದರೂ ಒಗ್ಗಿತೇ? ಹೊಟ್ಟೆನೋವು ಹೇಗಿದೆ? ಹೋಟೆಲಿನ ಖಾರ ತಿಂದು, ನಿದ್ದೆಗೆಟ್ಟು ಇನ್ನೊಂದು ದೆವ್ವದ ಕಾದಂಬರಿ ಬರೆಯಲು ಮಾತ್ರ ಕೂರಬೇಡಿ. ಮೊದಲನೆಯದರಿಂದ ನಾನಿಲ್ಲಿ ಪಡುತ್ತಿರುವ ಪಾಡೇ ಸಾಕು. ಎಮ್ಮೆ ಈದಿದೆ, ಹೆಣ್ಗರು.

ನಿಮ್ಮ ತಮ್ಮ ಕದಿರಪ್ಪ ಆಂಡರ್ಸನ್‌ಪೇಟೆಯಲ್ಲಿ ಅಂಗಡಿ ಬೋರ್ಡು ಬರೆದುಕೊಂಡು ಸುಮ್ಮನಿರಬಾರದೇ? ನಿಮ್ಮ ಕಾದಂಬರಿಯ ಗಣಿಮಾರಿ ಇದ್ದಾಳಲ್ಲ, ಕೆಲಸಕ್ಕೆ ಇಳಿದವರ ಕಾಲು ಹಿಡಿದು ಕತ್ತಲಿಗೆ ಎಳೆಯುವ ಪಿಶಾಚಿ, ಅವಳು ಬದುಕಿದ್ದಾಗ ಯಾರಾಗಿದ್ದಳು ಅಂತ ಒಂದು ಚಿತ್ರಕಥೆ ಪುಸ್ತಕವನ್ನೇ ಮಾಡಿ ಅಚ್ಚು ಹಾಕಿಸಿದ್ದಾನೆ. ಹಾಕಿಸಲಿ. ಆದರೆ ರಟ್ಟಿನ ಮೇಲೆ ತಲೆ ಕೆದರಿಕೊಂಡು ನಿಂತಿರುವುದು ನಮ್ಮ ಅತ್ತೆ! ಮೂಗಿನ ಎರಡೂ ಕಡೆ ಅದೇ ಮೂಗುಬೊಟ್ಟು, ಗಲ್ಲದ ಮೇಲೆ ಅದೇ ಹಚ್ಚೆ. ಕೇಳಿದರೆ, "ಅತ್ತಿಗೇ, ದೆವ್ವಕ್ಕೂ ಒಂದು ಮಕ ಬೇಕಲ್ವಾ? ನಂಗೆ ಸರ್ಯಾಗಿ ಬರೆಯಕ್ಕೆ ಬರೋದು ಅಮ್ಮನ ಮಕ ಒಂದೇ" ಅಂತ ಹಲ್ಲು ಕಿರಿಯುತ್ತಾನೆ.

ಪುಸ್ತಕ ಬೀದಿಯ ಮಕ್ಕಳ ಕೈಗೆ ಸಿಕ್ಕಿತು. ಹಾಲಿಗೆ ಬರುವ ಮಕ್ಕಳು ಅತ್ತೆಯನ್ನು ಕಂಡರೆ ಚೊಂಬು ಬಿಸಾಕಿ ಓಡುತ್ತಾರೆ. ಎದುರುಮನೆ ಮಂಗಮ್ಮನ ಮಗಳಿಗೆ ಜ್ವರವೇ ಬಂತು. ಮಂಗಮ್ಮ ನಮ್ಮ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಬೈದಳು, ತಮಿಳಿನಲ್ಲಿ ಬೈದಳು, ಆಮೇಲೆ ಕನ್ನಡದಲ್ಲಿ ಅತ್ತಳು. ಈಗ ಹಾಲು ಮನೆಮನೆಗೆ ಹೊರುವುದು ನಾನು.

ಇಷ್ಟೆಲ್ಲ ಆದಮೇಲೆ ಅತ್ತೆಯಿಂದ ಮುಚ್ಚಿಡುವುದು ಹೇಗೆ? "ಅದೇನು ಓದಮ್ಮ, ನಾನೂ ಕೇಳ್ತೀನಿ" ಅಂದರು. ಓದಿದೆ. ಕದಿರಪ್ಪನ ಕಥೆಯಲ್ಲಿ ಗಣಿಮಾರಿಯ ಗಂಡ ಬಂಡೆ ಸಿಡಿದು ಒಳಗೇ ಉಳಿಯುತ್ತಾನೆ, ಹೆಣವೂ ಮೇಲೆ ಬರುವುದಿಲ್ಲ. ಅವಳು ಗಣಿಬಾಯಲ್ಲಿ ಕೂತು ಮೇಲೆ ಬಂದವರನ್ನೆಲ್ಲ ಕೇಳುತ್ತಾಳೆ, ಯಾರೂ ಉತ್ತರ ಕೊಡುವುದಿಲ್ಲ. ಕಾದು ಕಾದು ಸತ್ತಮೇಲೂ ಗಂಡನನ್ನೇ ಹುಡುಕುತ್ತಾ ಸಿಕ್ಕಸಿಕ್ಕವರ ಕಾಲು ಹಿಡಿಯುತ್ತಾಳೆ. ನಮ್ಮ ಮಾವನವರು ಹೋದದ್ದೂ ಹಾಗೇ ಅಲ್ಲವೇನ್ರೀ? ಅತ್ತೆ ಅಳಲಿಲ್ಲ. ಚಿತ್ರದ ಮೇಲೆ ಬೆರಳಾಡಿಸಿ, "ದೊಡ್ಡೋನು ನನ್ನ ಬರೀ ಕೆಟ್ಟೋಳು ಮಾಡಿದ್ದ. ಚಿಕ್ಕೋನು ಯಾಕೆ ಅಂತಾನಾದ್ರೂ ಕೇಳವ್ನೆ" ಅಂದರು. ನಿಮ್ಮ ಕಾದಂಬರಿಯನ್ನು ಯಾವಾಗಲೋ ಯಾರಿಂದಲೋ ಓದಿಸಿಕೊಂಡು, ಇಷ್ಟು ದಿನ ತುಟಿ ಬಿಚ್ಚದೆ ಇದ್ದರಂತೆ! ನಿಮ್ಮಿಬ್ಬರ ಮೇಲಿದ್ದ ಸಿಟ್ಟು ಸಾಲದೆ, ಈಗ ಅವರ ಮೇಲೂ ಸಿಟ್ಟು ನನಗೆ.

ಅತ್ತೆಯ ಆಶೀರ್ವಾದಗಳು. ನನ್ನ ಕೋಪ ನನಗಿರಲಿ, ನೀವು ಮಜ್ಜಿಗೆ ಕುಡಿಯುವುದು ತಪ್ಪಿಸಬೇಡಿ.

ಇಂತಿ ನಿಮ್ಮ,
ಕನಕ

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಾವ ಹೋದ ಮೇಲೆ ಆ ಕಡೆ ತಿರುಗಿಯೂ ನೋಡದವರು, ಈಗ ಗಣಿಬಾಯಿಗೆ ಹೋಗಬೇಕು ಅನ್ನುತ್ತಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ಓದಿದ ಕೂಡಲೇ ರಜ ಹಾಕಿ ಹೊರಡಿ: "ಅವತ್ತು ನೀನೂ ನಿನ್ ತಮ್ಮನೂ ಸಣ್ಣೋರು, ಎದ್ರುಕೊಂತೀರಿ ಅಂತ ನಾನು ಅಳ್ಳಿಲ್ಲ. ಈಗ ಅತ್ತು ಬತ್ತೀನಿ. ಇಬ್ರೂ ಬಂದು ನನ್ ಪಕ್ಕದಾಗೆ ನಿಂತ್ಕಳಿ."