ಒಂದು ಬಳೆ, ಎರಡು ಗೀಟು

ನವೆಂಬರ್ 9, ಶನಿವಾರ

ಮತ್ತೆ ಅದೇ ಬೆಳಗು. ರೊಟ್ಟಿ, ಚಹಾಪುಡಿ, ನೀರಿನ ಕ್ಯಾನು. ಸಲಿಕೆಗಳ ಮೇಲೆ ಕಂಬಳಿ. ಪೊಲೀಸರು ಕೇಳಿದರೆ ನೆಲದಣಬೆ ಹುಡುಕಲು ಹೊರಟವರು ನಾವು. ಮಳೆಯೇ ಬಿದ್ದಿಲ್ಲ, ಅಣಬೆ ಎಲ್ಲಿಂದ ಬಂತು ಎಂದು ಅವರೂ ಕೇಳುವುದಿಲ್ಲ. ಅವರ ಮನೆಯವರೂ ಎಲ್ಲೋ ಅಗೆಯುತ್ತಿರುತ್ತಾರೆ.

ಪಿಕಪ್ ಓಡಿಸಿದ್ದು ನಾನೇ. ಸ್ವೈಲಿಮ್ ಸ್ಟಿಯರಿಂಗ್ ಹಿಡಿದರೆ ಕಣ್ಣು ದಾರಿಯ ಮೇಲಿರುವುದಿಲ್ಲ, ಬಂಡೆಗಳ ಮೇಲೆ. ಗಂಡನಾಗಿ ನಂಬಿದ್ದೇನೆ, ಡ್ರೈವರಾಗಿ ಒಂದು ದಿನವೂ ಇಲ್ಲ.

ಹಳೆಯ ರೈಲುಹಳಿ ದಾಟಿ ಮರುಭೂಮಿಯ ಬತ್ನ್ ಅಲ್-ಘೂಲ್ ಇಳಿಜಾರಿನ ತನಕ ಹೋದೆವು. ನೂರು ವರ್ಷದ ಹಿಂದೆ ತುರ್ಕರು ಸೋತು ಓಡುವಾಗ ಬಂಗಾರ ಹೂತದ್ದು ಈ ಹಳಿಯ ಪಕ್ಕದಲ್ಲೇ ಅಂತೆ. ಅವನ ಕೈಯಲ್ಲಿ ಆ ಹಾಳು ನಕ್ಷೆ. ನಕಲಿನ ನಕಲಿನ ನಕಲು... ಗುಡ್ಡ ಯಾವುದು, ಚಹಾ ಕಲೆ ಯಾವುದು, ದೇವರೇ ಬಲ್ಲ.

ಸಿಕ್ಕಿದ್ದು — ಒಂದು ಸಾರ್ಡೀನ್ ಡಬ್ಬಿ.

ನವೆಂಬರ್ 15, ಶುಕ್ರವಾರ

ನನ್ನ ತಮ್ಮ ದಹಾಮ್‌ನ ಮನೆಯಲ್ಲಿ ಊಟ. ಗಂಡಸರ ಕೋಣೆಯ ಮಾತೆಲ್ಲ ಪರದೆಯಾಚೆ ನಮಗೆ ಕೇಳುತ್ತದೆ. ಮೊದಲು ದಹಾಮ್‌ನದೇ ದನಿ.

"ಬಾರೋ ಗುಂಡಿಯಪ್ಪ! ಏನ್ ಭಾವ, ಸಿಕ್ತಾ ಸುಲ್ತಾನನ ಪೆಟ್ಟಿಗೆ?"

"ಹತ್ರ ಬಂದಿದೀನಿ ಕಣೋ."

"ಬೆಟ್ಟ ಅಗೆದು ಇಲಿ ಹಿಡಿದೋರನ್ನ ಕಂಡಿದೀನಿ. ನಮ್ಮ ಭಾವಂಗೆ ಇಲೀನೂ ಸಿಕ್ಕಿಲ್ವಲ್ಲಪ್ಪ!"

ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು.

ವಾಪಸು ಬರುವಾಗ ಗಾಡಿಯಲ್ಲಿ ಸ್ವೈಲಿಮ್ ಅಂದ: "ಒಂದೇ ಒಂದು ಸಲ ಮಿಥಾಯೆಲ್. ಒಂದೇ ಒಂದು ವಸ್ತು. ದಹಾಮ್‌ನ ಕಾಫಿ ಒಲೆ ಪಕ್ಕ, ಎಲ್ಲರ ಎದುರಿಗೆ ಇಟ್ಟುಬಿಡ್ತೀನಿ. ಆಮೇಲೆ ಸಲಿಕೆ ಮುಟ್ಟಿದ್ರೆ ಕೇಳು."

ದುಡ್ಡಿನ ಮಾತೇ ಆಡಲಿಲ್ಲ. ಅವನಿಗೆ ಗುಂಡಿಯಪ್ಪ ಎಂಬ ಆ ಹೆಸರು ಹೋಗಬೇಕು, ಅಷ್ಟೇ. ನನಗೂ. ಅವನಿಗಿಂತ ಹೆಚ್ಚಾಗಿ ನನಗೆ.

ನವೆಂಬರ್ 22, ಶುಕ್ರವಾರ

ಇವತ್ತು ಅವನು ಕಲ್ಲು ಓದುವುದನ್ನು ನೋಡುತ್ತ ಕುಳಿತೆ. ಹೊಲಿಗೆ ಬಿಟ್ಟು ಬಂದದ್ದಕ್ಕೆ ಬೇಸರವಿತ್ತು, ಹೋಯಿತು.

ಬಂಡೆಯನ್ನು ಮೊದಲು ಮುಟ್ಟುವುದಿಲ್ಲ. ಸುತ್ತು ಹಾಕುತ್ತಾನೆ. ಬಿಸಿಲು ಓರೆಯಾಗುವ ತನಕ ಕಾಯುತ್ತಾನೆ — ನೆತ್ತಿಯ ಬಿಸಿಲಿಗೆ ಹಳೆಯ ಗೀರು ಕಾಣುವುದಿಲ್ಲವಂತೆ. ಆಮೇಲೆ ಅಂಗೈ ಇಡುತ್ತಾನೆ, ಜ್ವರ ನೋಡುವ ಹಾಗೆ. ನಿಧಿ ಹುಡುಕುವ ವಾಟ್ಸಾಪ್ ಗುಂಪಿನ ಪಂಡಿತರೆಲ್ಲ ಫೋಟೊ ನೋಡಿಯೇ "ಇಲ್ಲಿ ಅಗೆ" ಅನ್ನುತ್ತಾರೆ. ಇವನು ಕಲ್ಲಿನ ಹತ್ತಿರ ಅನುಮತಿ ಕೇಳುವವನಂತೆ ನಿಲ್ಲುತ್ತಾನೆ. ಈ ಮನುಷ್ಯನನ್ನು ಎಷ್ಟು ಇಷ್ಟಪಡುತ್ತೇನೆ ಎಂದು ಅವನಿಗೆ ಹೇಳಿದರೆ ತಲೆಗೇರೀತು.

ಸಂಜೆಯ ಹೊತ್ತಿಗೆ ಕೂಗಿದ. ಬಂಡೆಯ ಮಗ್ಗುಲಲ್ಲಿ ಒಂದು ಬಳೆ, ಅದರ ಕೆಳಗೆ ಎರಡು ಗೀಟು. ನಕ್ಷೆಯ ಮೂಲೆಯಲ್ಲೂ ಅದೇ ಗುರುತು.

"ಬಳೆ ಅಂದ್ರೆ ಕಣ್ಣು. ಗೀಟು ಅಂದ್ರೆ ಇಬ್ಬರು ಕಾವಲುಗಾರರು. ಶುದ್ಧ ತುರ್ಕಿ ಗುರುತು ಕಣೇ! ಕಣ್ಣು ನೋಡ್ತಿರೋದು ತನ್ನ ಕಾಲಬುಡಾನ."

ಆಗಲೇ ಸಲಿಕೆ ಎತ್ತಿಕೊಂಡ. ಬೆಳಕು ಹೋಗಿತ್ತು, ನಾಳೆ ಅಂದೆ. ಮಗುವಿನ ಹಾಗೆ ಮುಖ ಮಾಡಿದ.

ನವೆಂಬರ್ 23

ಸಿಕ್ಕಿತು.

ಎರಡು ಸಲ ಬರೆಯಬೇಕು ಅನ್ನಿಸುತ್ತಿದೆ. ಸಿಕ್ಕಿತು.

ಬಂಡೆಯ ಬುಡದಲ್ಲಿ ಸಣ್ಣ ಕಲ್ಲುಗಳ ಗೋಡೆ, ಹಿಂದೆ ಪೊಟರೆ. ಮಡಕೆ. ಮೇಲೆ ಚರ್ಮದ ಚೂರು, ಮುಟ್ಟಿದರೆ ಪುಡಿ. ಒಳಗೆ ಹೆಂಗಸಿನ ಬೆಳ್ಳಿ ಡಾಬು, ಕಾಫಿ ಹೂಜಿ, ನಾಣ್ಯ ಹೊಲಿದ ತಲೆಪಟ್ಟಿ. ನಾಣ್ಯಗಳು ಬಂಗಾರದವು. ತುರ್ಕಿಯವೇ! ನಾನು ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ. ದಹಾಮ್‌ನ ಮುಖ ಹೇಗಾಗುತ್ತದೆ ಎಂದು ಜೋರಾಗಿ ಹೇಳಿದೆ.

ಸ್ವೈಲಿಮ್ ಮಡಕೆಯ ತಳದಿಂದ ಒಂದು ಉದ್ದನೆಯ ಕಬ್ಬಿಣ ತೆಗೆದ. ಒಂಟೆಗೆ ಬರೆ ಹಾಕುವ ಕಬ್ಬಿಣ. ತುದಿಯಲ್ಲಿ ಒಂದು ಬಳೆ, ಎರಡು ಗೀಟು.

ಅದನ್ನು ಬಂಡೆಯ ಗುರುತಿನ ಪಕ್ಕ ಹಿಡಿದ. ಅದೇ.

"ಕಣ್ಣೂ ಅಲ್ಲ, ಕಾವಲೂ ಅಲ್ಲ," ಅಂದ. "ನಮ್ಮೋರದೇ ಬರೆ ಗುರುತು. ಯಾವುದೋ ಮನೆಯ ಒಂಟೆ ಗುರುತು. ಒಂಟೆ ಮಾರಿ ಪಿಕಪ್ ತಗೊಂಡ್ವಿ, ನಮ್ಮ ಅಕ್ಷರಾನೇ ನಮಗೆ ಮರೆತು ಹೋಯ್ತು. ನಮ್ಮಜ್ಜಂದಿರು ಗೀಚಿದ್ದನ್ನೆಲ್ಲ ತುರ್ಕರ ತಲೆಗೆ ಕಟ್ಟಿ ಓದ್ತಾ ಇದೀವಲ್ಲ ಮಿಥಾಯೆಲ್!"

ಆಮೇಲೆ ಕೆಳಗೆ ನೋಡಿದ. ಕುರುಬರ ಕಲ್ಲುಗುಪ್ಪೆ ಅಂದುಕೊಂಡು ಅದರ ಮೇಲೇ ಚಹಾ ಇಟ್ಟಿದ್ದೆವು. ತಲೆಗಲ್ಲು, ಕಾಲ್ಗಲ್ಲು ಇದ್ದವು. ಪಕ್ಕದ ಮುಳ್ಳುಗಿಡದಲ್ಲಿ ಹರಕೆಯ ಹಸಿರು ಬಟ್ಟೆಯ ಎಳೆ. ಸಂತನ ಗೋರಿ.

ನಾನು ಥಟ್ಟನೆ ಅದರ ಮೇಲಿದ್ದ ಚಹಾ ಪಾತ್ರೆ ತೆಗೆದೆ. ಇಬ್ಬರಿಗೂ ಅರ್ಥವಾಯಿತು. ಊರು ಬಿಟ್ಟು ಹೋಗುವವರು ಹೊರಲಾರದ್ದನ್ನು ಸಂತನ ಪಕ್ಕ ಇಟ್ಟು ಹೋಗುತ್ತಿದ್ದರು. ಕಳ್ಳನೂ ಮುಟ್ಟುತ್ತಿರಲಿಲ್ಲ. ಇದು ನಿಧಿಯಲ್ಲ, ನಂಬಿ ಇಟ್ಟ ಅಮಾನತ್ತು. ವಾರಸುದಾರರು ಬರುವ ತನಕ ಸಂತನ ವಶ.

ಎಲ್ಲ ಒಳಗಿಟ್ಟು ಗೋಡೆ ಮತ್ತೆ ಕಟ್ಟಿದೆವು. ಕಬ್ಬಿಣ ಮಾತ್ರ ಜೊತೆಗೆ ತಂದ, ಯಾರದೆಂದು ಕೇಳಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಾರಿಯುದ್ದಕ್ಕೂ ನಾನು ಅತ್ತೆ. ನಾಚಿಕೆಯಿಲ್ಲ, ಅತ್ತೆ.

ಡಿಸೆಂಬರ್ 13, ಶುಕ್ರವಾರ

ಮೂರು ವಾರ ಬರೆಯಲಿಲ್ಲ. ಸಿಕ್ಕಿದ್ದನ್ನು ಬಿಟ್ಟು ಬಂದನೆಂದು ಅವನ ಮೇಲೆ ಸಿಟ್ಟಿತ್ತು.

ಅವನಾದರೋ ಕಾಫಿ ಕುಡಿಯುವ ನೆಪದಲ್ಲಿ ಗುಡಾರ ಗುಡಾರ ಅಲೆದ. ಹಲ್ಲಿಲ್ಲದ ಮುದುಕರನ್ನೆಲ್ಲ ಹುಡುಕಿ, ಮರಳಿನ ಮೇಲೆ ಬೆರಳಲ್ಲಿ ಗೀಚಿ, ಇದು ಯಾರ ಬರೆ ಎಂದು ಕೇಳಿದ. ಗುಂಡಿಯಪ್ಪ ಈಗ ಒಂಟೆಯ ಕುಂಡೆ ಓದುತ್ತಾನಂತೆ ಎಂದು ಹೊಸ ಹಾಸ್ಯ ಹುಟ್ಟಿತು.

ಇವತ್ತು ಅಲ್-ಜಫ್ರ್‌ನಲ್ಲಿ ಹಜ್ ಮುಗಿಸಿದ ಹಜ್ಜಾ ತರ್ಫಾ ಸಿಕ್ಕಳು. ಮುಪ್ಪಾನು ಮುದುಕಿ, ಕಣ್ಣು ಮಬ್ಬು. ಕಬ್ಬಿಣವನ್ನು ಕೈಗೆ ಕೊಟ್ಟ. ತುದಿ ಸವರಿ ನೋಡಿದಳು.

"ನಮ್ಮಮ್ಮನ ತವರಿಂದು," ಅಂದಳು. "ಎಲ್ಲಿತ್ತು ಮಗಾ? ಡಾಬು ಇತ್ತಾ? ಹೇಳು, ಡಾಬು ಇತ್ತಾ?"

"ಇದೆ ಹಜ್ಜಾ."

ಮುದುಕಿ ಎದೆ ಬಡಿದುಕೊಂಡಳು. "ದಂಡು ಬಂದ ವರ್ಷ ನಮ್ಮಜ್ಜಿ ಸಂತನ ಹತ್ರ ಇಟ್ಟು ಓಡಿದ್ಲಂತೆ. ಆಮೇಲೆ ಜಾಗಾನೇ ಸಿಗಲಿಲ್ಲ. ಮಾರ್ಕೊಂಡು ತಿಂದಳು ಅಂತ ಮನೆಯೋರೆಲ್ಲ ಅಂದ್ರು. ಸಾಯೋ ತನಕ ಅಂದ್ರು ಕಣಪ್ಪ."

ಸ್ವೈಲಿಮ್ ತಲೆ ತಗ್ಗಿಸಿ ಕುಳಿತ. ಅವನ ಮೇಲಿನ ಸಿಟ್ಟು ಆ ಕ್ಷಣಕ್ಕೆ ಇಳಿಯಿತು.

ಡಿಸೆಂಬರ್ 20

ತಂದುಕೊಟ್ಟೆವು. ತರ್ಫಾ ಡಾಬನ್ನು ಉಡುಪಿನ ಮೇಲೆ ಕಟ್ಟಿಕೊಂಡಳು, ಎರಡು ಸುತ್ತು ಬಂತು, ಅಷ್ಟು ಬಡಕಲು. ತಲೆಪಟ್ಟಿಯಿಂದ ಒಂದು ನಾಣ್ಯ ಬಿಚ್ಚಿ ಚಾಚಿದಳು.

"ಕಾವಲಿದ್ದೋನು ಸಂತ. ನಾನು ಬರೀ ಕೂಲಿ," ಎಂದು ಅವನು ಕೈ ಹಿಂದೆ ತೆಗೆದ.

ನಾಣ್ಯವನ್ನು ನಾನು ಸ್ವಲ್ಪ ಹೊತ್ತು ನೋಡಿದೆ. ನೋಡಿದೆ, ಅಷ್ಟೇ.

ಏಳುವಾಗ ಅವನೊಂದು ಬೇಡಿಕೆ ಇಟ್ಟ. "ಹಜ್ಜಾ, ಎಲ್ಲಿ ಸಿಕ್ತು ಅಂತ ಯಾರಿಗೂ ಹೇಳಬೇಡ. ಹೇಳಿದ್ರೆ ನಾಳೆ ಬೆಳಿಗ್ಗೆ ಅಲ್ಲಿ ಸಲಿಕೆಗಳ ಜಾತ್ರೆ. ಗೋರಿ ಉಳಿಯೋಲ್ಲ, ಸಂತನ ಒಂದು ಎಲುಬೂ ಉಳಿಯೋಲ್ಲ. ನಮ್ಮ ಜನಾನ ನಾನು ಬಲ್ಲೆ, ನಾನೇ ಅವರಲ್ಲೊಬ್ಬ."

"ನಮ್ಮ ಹಳೇ ಪೆಟ್ಟಿಗೆ ತಳದಲ್ಲಿತ್ತು ಅಂತೀನಿ," ಅಂದಳು. "ಅಜ್ಜಿ ಹೆಸರು ಉಳೀತಲ್ಲ, ಸಾಕು. ಆದ್ರೆ ನಿನ್ನ ಹೆಸರು ಉಳಿಯೋದು ಬೇಡ್ವಾ, ಮಗಾ?"

ಅವನು ನಕ್ಕು ಚಪ್ಪಲಿ ಮೆಟ್ಟಿದ.

ಗಾಡಿಯಲ್ಲಿ ಕೇಳಿದೆ: "ದಹಾಮ್‌ಗೂ ಹೇಳೋ ಹಾಗಿಲ್ವಾ?"

"ದಹಾಮ್‌ಗೆ ಹೇಳೋದೂ ಒಂದೇ, ಮಸೀದಿ ಮೈಕಲ್ಲಿ ಹೇಳೋದೂ ಒಂದೇ."

ನಿಜ. ನನ್ನ ತಮ್ಮನನ್ನು ನಾನು ಬಲ್ಲೆ.

ಜನವರಿ 17, ಶುಕ್ರವಾರ

ಆಯಿತು, ಹೆದರಿದ್ದೇ ಆಯಿತು. ವಾಟ್ಸಾಪ್‌ನಲ್ಲಿ ಯಾರೋ ಆ ಬಂಡೆಯ ಫೋಟೊ ಹಾಕಿದ್ದಾರೆ. ಬಳೆ, ಗೀಟು, ಎಲ್ಲ ಸ್ಪಷ್ಟ. ದಹಾಮ್ ಮಧ್ಯಾಹ್ನವೇ ಓಡಿ ಬಂದ.

"ಭಾವ, ಎಷ್ಟೇ ಆದ್ರೂ ಓದೋನು ನೀನೇ. ನಾಳೆ ಎಲ್ಲ ಗಾಡಿ ತಗೊಂಡು ಹೋಗೋಣ. ಏನಂತೆ ಇದು?"

ಸ್ವೈಲಿಮ್ ಫೋನು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅಂದ: "ಜಾಗ ನೋಡದೆ ಹೇಳೋಕಾಗಲ್ಲ. ಬರ್ತೀನಿ."

ದಹಾಮ್‌ಗೆ ಚಹಾ ಕೊಡುವುದನ್ನೂ ಮರೆತೆ.

ಜನವರಿ 18

ಐದಾರು ಪಿಕಪ್. ಇಡೀ ಊರಿನ ಸೋಮಾರಿಗಳು. ಎಲ್ಲರೂ ಬಂಡೆಯ ಸುತ್ತ, ಒಬ್ಬ ಗೋರಿಯ ಮೇಲೇ ಕಾಲಿಟ್ಟು ನಿಂತಿದ್ದ.

ಸ್ವೈಲಿಮ್ ಬಂಡೆ ಸುತ್ತಿದ. ಬೆಳಗಿನ ಓರೆ ಬಿಸಿಲಿಗೆ ಕಾದ. ಅಂಗೈ ಇಟ್ಟ. ಎಲ್ಲ ಎಂದಿನಂತೆ.

"ಬಳೆ ಅಂದ್ರೆ ಕಣ್ಣು," ಅಂದ. "ಗೀಟು ಅಂದ್ರೆ ಕಾವಲುಗಾರರು. ಆದ್ರೆ ಕಣ್ಣು ಯಾವತ್ತೂ ತನ್ನನ್ನ ತಾನು ನೋಡ್ಕೊಳ್ಳಲ್ಲ. ನೋಡೋದು ಎದುರಿಗಿರೋದನ್ನ. ಅಗೋ, ಆ ಕಣಿವೆ ಆಚೆ, ಆ ಕಪ್ಪು ಗುಡ್ಡ. ಇಲ್ಲೇನೂ ಇಲ್ಲ, ಇದು ಬರೀ ಕೈಮರ."

ಇಷ್ಟು ಚಂದದ ಸುಳ್ಳನ್ನು ನಾನು ಕೇಳಿಯೇ ಇಲ್ಲ. ಗಾಡಿಗಳೆಲ್ಲ ಧೂಳೆಬ್ಬಿಸಿಕೊಂಡು ಅತ್ತ ಹೋದವು.

ಕಪ್ಪು ಗುಡ್ಡದ ಬುಡ ಬರೀ ಚಕಮಕಿ ಕಲ್ಲು. ಮಧ್ಯಾಹ್ನದ ತನಕ ಎಲ್ಲರೂ ಅಗೆದರು, ಆಮೇಲೆ ಬೈಯಲು ಶುರು. ಒಬ್ಬೊಬ್ಬರೇ ಸಲಿಕೆ ಬಿಸಾಕಿದರು. ದಹಾಮ್ ವಿಡಿಯೊ ಮಾಡುತ್ತ ನಿಂತ: "ನೋಡ್ರಪ್ಪಾ, ಗುಂಡಿಯಪ್ಪನ ಹೊಸ ಗುಂಡಿ! ಇದರಲ್ಲಿ ಇವನನ್ನೇ ಹೂಳಬೇಕು!"

ಸ್ವೈಲಿಮ್ ಒಬ್ಬನೇ ಅಗೆಯುತ್ತಲೇ ಇದ್ದ. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಅವನು ನಿಲ್ಲಿಸಿದರೆ ಯಾರಾದರೂ ಆ ಬಂಡೆಗೆ ವಾಪಸು ಹೋಗಬಹುದು, ಅದಕ್ಕೆ. ಗೊತ್ತಿದ್ದದ್ದು ನನಗೊಬ್ಬಳಿಗೆ. ಇವನಿಗೆ ಸಿಕ್ಕಿದೆ ಕಣ್ರೋ, ನಿಮ್ಮ ಏಳು ತಲೆಮಾರಿಗೆ ಸಿಗದ್ದು ಇವನಿಗೆ ಸಿಕ್ಕಿದೆ ಎಂದು ಕಿರುಚಬೇಕು ಅನ್ನಿಸಿತು.

ಬಿದ್ದಿದ್ದ ಒಂದು ಸಲಿಕೆ ಎತ್ತಿಕೊಂಡು ಗುಂಡಿಗೆ ಇಳಿದೆ.

"ಅಕ್ಕಾ! ನಿಂಗೂ ತಲೆ ಕೆಡ್ತಾ?" ದಹಾಮ್ ಫೋನು ನನ್ನ ಕಡೆ ತಿರುಗಿಸಿದ. "ಏನಿದೆ ಅಂತ ಅಗೀತೀಯೇ ಅಲ್ಲಿ?"

"ಬಂಗಾರ ಕಣೋ. ನಿನ್ನ ಭಾವ ಓದಿದ ಮೇಲೆ ಇರ್ಲೇಬೇಕು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸ್ವೈಲಿಮ್ ಒಮ್ಮೆ ನನ್ನನ್ನು ನೋಡಿದ. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ. ಆಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟುಕೊಟ್ಟ, ಇಬ್ಬರೂ ಅಗೆದೆವು.

ವಿಡಿಯೊ ಈಗ ಎಲ್ಲರ ಫೋನಿನಲ್ಲೂ ಇದೆಯಂತೆ. ನನಗೂ ಒಂದು ಹೆಸರಿಟ್ಟಿದ್ದಾರಂತೆ. ಇಡಲಿ. ನಾಳೆ ಇನ್ನಷ್ಟು ಆಳ ಮಾಡಬೇಕು, ಆಗ ಜನಕ್ಕೆ ನಂಬಿಕೆ ಬರುತ್ತದೆ ಅನ್ನುತ್ತಾನೆ ಸ್ವೈಲಿಮ್. ಅಂಗೈ ತುಂಬ ಬೊಬ್ಬೆ, ಪೆನ್ನು ನಿಲ್ಲುತ್ತಿಲ್ಲ. ಆಲಿವ್ ಎಣ್ಣೆ ಬಿಸಿ ಮಾಡಿ ತಂದು ಪಕ್ಕದಲ್ಲಿ ಕುಳಿತಿದ್ದಾನೆ, ಕೈ ಕೊಡು ಅನ್ನುತ್ತಿದ್ದಾನೆ, ಇನ್ನೊಂದು ಸಾಲು ಇರು ಅಂದರೆ ಪೆನ್ನಿಗೇ ಕೈ ಹಾಕಿ —